ಬಾತುಕೋಳಿಗೆ ಹುಳು ಬಿದ್ದಾಗ



ಮಳೆ ನಾಲ್ಕು ದಿನ ಬಿಡದೆ ಹೊಡೆದು ಐದನೆಯ ದಿನ ಸ್ವಲ್ಪ ಬಿಸಿಲು ಕಂಡರೆ ಮನೆಮಂದಿಗೆಲ್ಲ ಹಿಗ್ಗು. ಒದ್ದೆ ಬಟ್ಟೆ ಹೊರಗೆ ಬರುತ್ತದೆ, ಮಕ್ಕಳು ಅಂಗಳಕ್ಕಿಳಿಯುತ್ತಾರೆ, ಬಾತುಗಳು ಸಾಲುಗಟ್ಟಿ ಗದ್ದೆಯ ಕಡೆಗೆ ಹೊರಡುತ್ತವೆ. ಆ ಬಿಸಿಲಿಗಾಗಿಯೇ ಕಾದು ಕುಳಿತ ಇನ್ನೊಂದು ಜೀವಿಯೂ ಉಂಟು. ಅದು ನೊಣ. ನೆಲದಲ್ಲಿ ತೇವ, ಗಾಳಿಯಲ್ಲಿ ಬೆಚ್ಚಗೆ, ಹಟ್ಟಿಯ ಹಿಂದೆ ಕೊಳೆತ ಗೊಬ್ಬರ, ಇವಿಷ್ಟು ಸೇರಿದರೆ ಅದಕ್ಕೆ ಹಬ್ಬ. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್ ತಿಂಗಳಿಂದ ಅಕ್ಟೋಬರದವರೆಗೆ, ಅದರಲ್ಲೂ ಮಳೆಯ ನಡುವೆ ಬಿಸಿಲು ಬೀಳುವ ದಿನಗಳಲ್ಲಿ, ಸಾಕಿದ ಬಾತುಗಳಿಗೆ ಹುಳು ಬೀಳುವುದು ಹೆಚ್ಚು. ಈ ದಿವಸ ಅದರ ವಿಚಾರವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಒಂದು ಮನೆಯಲ್ಲಿ ನಾನು ಕಂಡ ಸಂಗತಿಯಿಂದಲೇ ಸುರುಮಾಡುತ್ತೇನೆ. ತೋಡಿನ ಪಕ್ಕದ ಮನೆ. ಆರು ಬಾತು ಸಾಕಿದ್ದರು. ಅದರಲ್ಲೊಂದು ಮನೆಯ ಸಣ್ಣ ಹುಡುಗಿಯ ಹಿಂದೆಯೇ ಓಡಾಡುವಂಥದು. ಶಾಲೆಗೆ ಹೊರಟರೆ ದಣಪೆಯವರೆಗೆ ಕಳಿಸಿಕೊಟ್ಟು ಬರುವುದಂತೆ. ಅಜ್ಜಿ ನನ್ನನ್ನು ಕಂಡವರೇ, “ಡಾಕ್ಟ್ರೇ, ನಿನ್ನೆ ಸಂಜೆ ತನಕ ಚೆನ್ನಾಗೇ ಇತ್ತು. ಇವತ್ತು ಬೆಳಿಗ್ಗೆ ನೋಡಿದ್ರೆ ಮೂಲೆಗೆ ಕೂತುಬಿಟ್ಟಿದೆ, ಏಳೋದೇ ಇಲ್ಲ. ಯಾರದೋ ಕಣ್ಣು ಬಿತ್ತೋ ಏನೋ” ಎಂದರು.

“ಅಮ್ಮ, ಬಾಲ ಎತ್ತಿ ಕೆಳಗೆ ನೋಡಿದ್ರಾ?”

“ಅಯ್ಯೋ, ಅದನ್ನ ಯಾರು ನೋಡ್ತಾರೆ!”

ಬಾತನ್ನು ಎತ್ತಿಕೊಂಡು ಬಾಲದ ಬುಡದ ಗರಿ ಸರಿಸಿ ತೋರಿಸಿದೆ. ಮೇಲಿನಿಂದ ನೋಡಿದರೆ ಗರಿ ಒದ್ದೆಯಾಗಿ ಅಂಟಿಕೊಂಡಂತೆ ಕಾಣುತ್ತಿತ್ತು, ಅಷ್ಟೆ. ಕೆಳಗೆ ಅಂಗೈ ಅಗಲದ ಜಾಗದಲ್ಲಿ ಹುಳು ಬಿಜಿಬಿಜಿ ಎನ್ನುತ್ತಿತ್ತು. ಹುಡುಗಿ ಕಂಬ ಹಿಡಿದುಕೊಂಡು ಅತ್ತಿತು. ಅಜ್ಜಿಯೂ ಮುಖ ತಿರುಗಿಸಿಕೊಂಡರು. ‘ನಿನ್ನೆ ತನಕ ಚೆನ್ನಾಗಿತ್ತು’ ಎಂದ ಅಜ್ಜಿಯ ಮಾತು ಸುಳ್ಳಲ್ಲ. ಅವರ ಕಣ್ಣಿಗೆ ಚೆನ್ನಾಗಿಯೇ ಇತ್ತು. ಗರಿಯ ಕೆಳಗೆ ಮಾತ್ರ ಮೂರು ದಿನದಿಂದ ಕೆಟ್ಟಿತ್ತು. ಬಾತಿನ ಗರಿ ಬಹಳ ದಟ್ಟ. ದನಕ್ಕೆ ಹುಳು ಬಿದ್ದರೆ ದೂರದಿಂದಲೇ ಕಾಣುತ್ತದೆ, ನಾಯಿಗೆ ಬಿದ್ದರೆ ನೆಕ್ಕಿ ನೆಕ್ಕಿ ತೋರಿಸಿಕೊಡುತ್ತದೆ. ಬಾತು ತನ್ನ ನೋವನ್ನು ಗರಿಯೊಳಗೆ ಮುಚ್ಚಿಟ್ಟುಕೊಂಡು, ಶಕ್ತಿ ಮುಗಿಯುವವರೆಗೆ ಹಿಂಡಿನ ಸಂಗಡ ನಡೆದುಬಿಡುತ್ತದೆ.

ಈಗ ಹುಳು ಬರುವುದು ಎಲ್ಲಿಂದ ಎಂಬುದನ್ನು ತಿಳಿಯೋಣ. ಮೈಯ ಒಳಗಿಂದ ತಾನಾಗಿ ಹುಟ್ಟುವುದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹುಳು ಎಂದರೆ ನೊಣದ ಮರಿ. ಹೊಳೆಯುವ ಹಸಿರು ಬಣ್ಣದ, ನೀಲಿ ಬಣ್ಣದ ದಪ್ಪ ನೊಣಗಳನ್ನು ನೀವೆಲ್ಲ ಮೀನಿನ ಅಂಗಡಿಯ ಹತ್ತಿರ ಕಂಡಿದ್ದೀರಿ. ಇವಕ್ಕೆ ವಾಸನೆ ಬಹಳ ದೂರದಿಂದ ತಿಳಿಯುತ್ತದೆ. ಸತ್ತ ಇಲಿ, ಕೊಳೆತ ಮೀನು, ಹಿಕ್ಕೆ ಮೆತ್ತಿದ ಗರಿ, ಕೀವು ಕಟ್ಟಿದ ಗಾಯ ಎಲ್ಲವೂ ಅವಕ್ಕೆ ಒಂದೇ. ಬಂದು ಕೂತು ಸಣ್ಣ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳನ್ನು ಗೊಂಚಲಾಗಿ ಅಂಟಿಸಿ ಹೋಗುತ್ತವೆ. ಒಂದು ದಿವಸದೊಳಗೆ ಮೊಟ್ಟೆ ಒಡೆದು ಹುಳು ಹೊರಬೀಳುತ್ತದೆ. ಮೊಟ್ಟೆಯ ಬದಲು ಜೀವಂತ ಹುಳುವನ್ನೇ ಹಾಕಿ ಹೋಗುವ ಬೂದುಬಣ್ಣದ ನೊಣವೂ ಒಂದಿದೆ.

ಇವುಗಳಲ್ಲೆಲ್ಲ ಕೆಟ್ಟದ್ದು ಇನ್ನೊಂದು ಜಾತಿ. ವಿಜ್ಞಾನಿಗಳು ಅದಕ್ಕೆ ಕ್ರೈಸೊಮಿಯ ಬೆಜಿಯಾನ ಎಂದು ಹೆಸರಿಟ್ಟಿದ್ದಾರೆ. ಹೆಸರು ನೆನಪಿಡಬೇಕಾಗಿಲ್ಲ, ಅದರ ಗುಣ ನೆನಪಿಟ್ಟರೆ ಸಾಕು. ಈ ನೊಣದ ಮರಿಗೆ ಸತ್ತ ಮಾಂಸ ಬೇಡ, ಜೀವಂತ ಮಾಂಸವೇ ಬೇಕು. ಹಸಿ ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಉಣ್ಣೆ ಕಚ್ಚಿದ ತೂತಿನಷ್ಟು ಗಾಯವಿದ್ದರೂ ಅದಕ್ಕೆ ಸಾಕು. ಹೊರಬಂದ ಹುಳುಗಳು ತಲೆ ಕೆಳಗೆ ಮಾಡಿ ಮಾಂಸದೊಳಗೆ ತಿರುಪುಮೊಳೆಯ ಹಾಗೆ ಕೊರೆದು ಇಳಿಯುತ್ತವೆ. ಮೇಲೆ ಕಾಣುವುದು ಅವುಗಳ ಬಾಲದ ತುದಿ ಮಾತ್ರ, ಅಲ್ಲಿಂದಲೇ ಅವು ಉಸಿರಾಡುತ್ತವೆ. ಐದರಿಂದ ಏಳು ದಿನ ತಿಂದು ಬೆಳೆದು, ತಾವಾಗಿ ನೆಲಕ್ಕೆ ಉದುರಿ, ಮಣ್ಣಿನೊಳಗೆ ಹೊಕ್ಕು ಕೋಶ ಕಟ್ಟಿ, ಬೆಚ್ಚಗಿನ ಕಾಲವಾದರೆ ವಾರವೊಂದರಲ್ಲಿ ನೊಣವಾಗಿ ಮೇಲೆದ್ದು ಬರುತ್ತವೆ. ದನ, ಕುರಿ, ನಾಯಿ, ಮನುಷ್ಯ, ಯಾರ ಗಾಯವಾದರೂ ಅದಕ್ಕೆ ಆಗುತ್ತದೆ. ಆದ್ದರಿಂದ ಬಾತಿಗೆ ಹುಳು ಬಿದ್ದ ಮನೆಯಲ್ಲಿ ಕೈಕಾಲಿಗೆ ಗಾಯವಾದವರು ಅದನ್ನು ಬಟ್ಟೆ ಕಟ್ಟಿ ಮುಚ್ಚಿಕೊಂಡಿರಬೇಕು.

ಇನ್ನು ಬಾತಿನ ಮೈಮೇಲೆ ನೊಣಕ್ಕೆ ಜಾಗ ಸಿಗುವುದು ಹೇಗೆ? ಬಾತು ನೀರಿನ ಹಕ್ಕಿ, ದಿನವಿಡೀ ತೊಳೆದುಕೊಳ್ಳುತ್ತದೆ, ಅದಕ್ಕೇನು ಕೊಳೆ ಎಂದು ಕೇಳುವಿರಿ. ಪ್ರಶ್ನೆ ಸರಿಯಾಗಿಯೇ ಇದೆ. ಬಾಲದ ಬುಡದಲ್ಲಿ ಮೇಲುಗಡೆ ಎಣ್ಣೆಯ ಗ್ರಂಥಿಯೊಂದಿದೆ. ಬಾತು ಕೊಕ್ಕಿನಿಂದ ಅದನ್ನು ಒತ್ತಿ ಎಣ್ಣೆ ತೆಗೆದು ಗರಿಗೆಲ್ಲ ಸವರಿಕೊಳ್ಳುತ್ತದೆ. ಕಾಲಕಾಲಕ್ಕೆ ಸ್ನಾನ ಮಾಡಿ, ಗರಿ ತಿದ್ದಿ, ಎಣ್ಣೆ ಹಚ್ಚಿಕೊಂಡರೆ ನೀರು ಒಳಗಿಳಿಯದೆ ಮೈ ಒಣಗಿಯೇ ಇರುತ್ತದೆ. ಅಂಥ ಬಾತಿಗೆ ಹುಳು ಬೀಳುವುದು ಅಪರೂಪ. ಮುಳುಗುವಷ್ಟು ಒಳ್ಳೆಯ ನೀರು ಸಿಗದೆ ಕೆಸರಿನಲ್ಲೇ ಹೊರಳುವ ಬಾತು, ಕಾಲು ಸೋತು ಕೂತಲ್ಲೇ ಕೂತಿರುವ ಬಾತು, ಭೇದಿಯಾಗಿ ಹಿಂಭಾಗ ಮೆತ್ತಿಕೊಂಡ ಬಾತು, ಮೊಟ್ಟೆಗೆ ಕೂತು ದಿನಕ್ಕೊಮ್ಮೆಯೂ ಸರಿಯಾಗಿ ಎದ್ದು ಬರದ ಬಾತು, ಇವಕ್ಕೆಲ್ಲ ಗರಿಯ ಎಣ್ಣೆ ಹೋಗಿ ಮೈ ನೀರು ಕುಡಿಯುತ್ತದೆ. ಒದ್ದೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ನೊಣಕ್ಕೆ ಅಷ್ಟು ಸಾಕು.

ಗಾಯದ ಕಾರಣಗಳು ಬೇರೆ. ನಾಯಿ ಹಿಡಿದದ್ದು, ಮುಂಗುಸಿ ಕಚ್ಚಿದ್ದು, ಬೇಲಿಯ ತಂತಿ ಗೀರಿದ್ದು ಎಲ್ಲರಿಗೂ ತಿಳಿದದ್ದೇ. ತಿಳಿಯದೆ ಹೋಗುವುದು ಎರಡು. ಒಂದು, ಗಂಡು ಬಾತಿನಿಂದಾಗುವ ಗಾಯ. ನಾಲ್ಕು ಹೆಣ್ಣಿಗೆ ಮೂರು ಗಂಡು ಇದ್ದಲ್ಲಿ ಅವು ಹೆಣ್ಣಿನ ಕುತ್ತಿಗೆಯ ಹಿಂಭಾಗವನ್ನು ಕೊಕ್ಕಿನಿಂದ ಹಿಡಿದು ಹಿಡಿದು ಗರಿ ಕಿತ್ತು ಚರ್ಮ ಸುಲಿಯುತ್ತವೆ, ಬೆನ್ನಿನ ಮೇಲೆ ಉಗುರಿನ ಗೀರುಗಳಾಗುತ್ತವೆ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಮಿಕ್ಕ ಗಂಡುಗಳನ್ನು ಬೇರೆ ಮಾಡಬೇಕು. ಇನ್ನೊಂದು, ಮೊಟ್ಟೆಯಿಡುವ ಬಾತುಗಳಲ್ಲಿ ಮೊಟ್ಟೆಯ ದಾರಿ ಹೊರಗೆ ಜಾರುವುದು. ಖಾಕಿ ಕ್ಯಾಂಪ್‌ಬೆಲ್‌ನಂಥ ತಳಿ ಚೆನ್ನಾಗಿ ಸಾಕಿದರೆ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಕೊಡುತ್ತದೆ. ಅಷ್ಟು ದುಡಿಯುವ ದೇಹಕ್ಕೆ ಈ ಕಷ್ಟವೂ ಬರುವುದುಂಟು. ಕೆಂಪಗೆ ಹೊರಬಂದ ಆ ಭಾಗವನ್ನು ನೊಣ ಒಂದು ಗಂಟೆಯೂ ಬಿಡುವುದಿಲ್ಲ. ಅದನ್ನು ಕಂಡ ಕೂಡಲೆ ಬಾತನ್ನು ಪರದೆಯೊಳಗೆ ಹಾಕಿ ಡಾಕ್ಟರ ಹತ್ತಿರ ಒಯ್ಯುವುದೇ ಸರಿ, ಮನೆಮದ್ದಿಗೆ ಕೈಹಾಕಬೇಡಿ.

ಗುರುತುಗಳನ್ನು ಹೇಳುತ್ತೇನೆ. ಬಾತು ಹಿಂಡಿನಿಂದ ಹಿಂದೆ ಬೀಳುತ್ತದೆ. ಬಾಲವನ್ನು ಮೇಲಿಂದ ಮೇಲೆ ಅಲುಗಿಸುತ್ತದೆ, ಒಂದೇ ಜಾಗವನ್ನು ಕೊಕ್ಕಿನಿಂದ ಕೆದಕುತ್ತದೆ. ನೀರಿಗಿಳಿಯಲು ಒಲ್ಲದು, ಇಳಿದರೂ ಮೈ ಒದ್ದೆಯಾಗಿ ಬೇಗ ಮೇಲೆ ಬರುತ್ತದೆ. ಬಾಲದ ಕೆಳಗೆ, ತೊಡೆಸಂದಿಯಲ್ಲಿ, ಹೊಟ್ಟೆಯ ಕೆಳಗೆ ಗರಿ ಅಂಟಿಕೊಂಡು ಕಂದುಬಣ್ಣದ ನೀರು ಜಿನುಗುತ್ತದೆ. ಎಲ್ಲಕ್ಕಿಂತ ನಂಬಿಕೆಯ ಗುರುತು ವಾಸನೆ. ಸಿಹಿಯೂ ಕೊಳೆತದ್ದೂ ಕೂಡಿದ ಒಂದು ವಾಸನೆ, ಒಮ್ಮೆ ಮೂಗಿಗೆ ಬಡಿದರೆ ಜನ್ಮಕ್ಕೆ ಮರೆಯದು. ಇಷ್ಟರಲ್ಲಿ ಒಂದು ಕಂಡರೂ ‘ನಾಳೆ ನೋಡೋಣ’ ಎನ್ನಬೇಡಿ. ದನದ ಗಾಯದಲ್ಲಿ ಹುಳುವಿಗೆ ತಿನ್ನಲು ಬೇಕಾದಷ್ಟು ಮೈ ಇದೆ. ಎರಡು ಸೇರು ತೂಗುವ ಬಾತಿನಲ್ಲಿ ಏನಿದೆ? ಎರಡು ದಿನ ತಡವಾದರೆ ಹುಳು ಹೊಟ್ಟೆಯ ಪದರವನ್ನೇ ತೂತುಮಾಡಿರುತ್ತದೆ.

ಹುಳು ಬಿದ್ದದ್ದು ಖಂಡಿತವಾದ ಮೇಲೆ ಏನು ಮಾಡತಕ್ಕದ್ದು?

ಮೊದಲು ಬಾತನ್ನು ನೊಣ ಬಾರದ ಜಾಗಕ್ಕೆ ತನ್ನಿ. ಮನೆಯ ಒಳಗಿನ ಕೋಣೆಯಾದರೆ ಒಳ್ಳೆಯದು. ಬುಟ್ಟಿಯ ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿದರೂ ನಡೆಯುತ್ತದೆ. ಒಬ್ಬರು ಬಾತನ್ನು ಗೋಣಿಬಟ್ಟೆಯಲ್ಲಿ ಸುತ್ತಿ, ತಲೆ ತಮ್ಮ ಕಂಕುಳ ಕಡೆಗೆ ಬರುವಂತೆ ಹಿಡಿದುಕೊಳ್ಳಲಿ. ಕಣ್ಣು ಮರೆಯಾದರೆ ಬಾತು ಸುಮ್ಮನಿರುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ನೇತುಹಾಕಬಾರದು. ಇನ್ನೊಬ್ಬರು ಹುಳು ಬಿದ್ದ ಜಾಗದ ಸುತ್ತ ಎರಡು ಬೆರಳು ಅಗಲ ಗರಿಯನ್ನು ಕತ್ತರಿಯಿಂದ ಕತ್ತರಿಸಲಿ. ಕೀಳಬಾರದು, ಕಿತ್ತರೆ ಚರ್ಮವೂ ಸುಲಿದು ಬರುತ್ತದೆ. ಹೊಸದಾಗಿ ಮೂಡುತ್ತಿರುವ, ಬುಡದಲ್ಲಿ ನೀಲಿಗೆಂಪಾಗಿ ರಕ್ತ ತುಂಬಿದ ಗರಿಗಳನ್ನು ಮಾತ್ರ ಮುಟ್ಟಬೇಡಿ, ಅವು ರಕ್ತ ಸೋರುತ್ತವೆ. ಕತ್ತರಿಸಿದ ಗರಿಯಲ್ಲಿ ನೊಣದ ಮೊಟ್ಟೆಗಳು ಅಂಟಿಕೊಂಡಿರುವುದರಿಂದ ಅದನ್ನೆಲ್ಲ ಒಂದು ಕಾಗದದಲ್ಲಿ ಕೂಡಿಸಿ ಒಲೆಗೆ ಹಾಕಿ.

ಅಷ್ಟರಲ್ಲಿ ಒಂದು ಲೀಟರು ನೀರು ಕುದಿಸಿ ಆರಿಸಿ, ಮೈಗೆ ಹಿತವಾಗುವಷ್ಟು ಬೆಚ್ಚಗಿರುವಾಗ ಒಂದೂವರೆ ಚಹಾ ಚಮಚ ಉಪ್ಪು ಕದಡಿಟ್ಟಿರಿ. ಉಪ್ಪು ಇದಕ್ಕಿಂತ ಹೆಚ್ಚಾದರೆ ಗಾಯ ಉರಿಯುತ್ತದೆ. ಸೂಜಿಯಿಲ್ಲದ ದೊಡ್ಡ ಸಿರಿಂಜು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಈ ನೀರು ತುಂಬಿ ಗಾಯದೊಳಗೆ ಮೇಲಿಂದ ಮೇಲೆ ಹಾಯಿಸಿದರೆ ಅರ್ಧಕ್ಕರ್ಧ ಹುಳು ಕೊಚ್ಚಿಕೊಂಡು ಬರುತ್ತದೆ. ಉಳಿದವು ನೀರು ತಾಗಿದೊಡನೆ ಒಳಕ್ಕೆ ಸರಿಯುತ್ತವೆ. ಆಗ ಗಾಯದ ಬಾಯಿಗೆ ಶುದ್ಧವಾದ ಕೊಬ್ಬರಿ ಎಣ್ಣೆಯನ್ನೋ ಬಿಳಿ ವ್ಯಾಸಲೀನನ್ನೋ ದಪ್ಪಗೆ ತುಂಬಿ ಐದು ಹತ್ತು ನಿಮಿಷ ಬಿಡಿ. ಬಾಲದ ತುದಿಯಲ್ಲಿ ಉಸಿರಾಡುವ ಪ್ರಾಣಿ, ಉಸಿರು ಕಟ್ಟಿದೊಡನೆ ಮೇಲೆ ಬರಲೇಬೇಕು. ಬಂದದ್ದನ್ನು ಚಿಮುಟದಿಂದ ಹಿಡಿದು, ಜಜ್ಜದೆ, ಮೆಲ್ಲಗೆ ಎಳೆಯಿರಿ. ತುಂಡಾಗಿ ಒಳಗುಳಿದರೆ ಅದೇ ಕೀವಾಗುತ್ತದೆ. ಮತ್ತೆ ತೊಳೆಯುವುದು, ಮತ್ತೆ ತೆಗೆಯುವುದು. ಸೀತಾಫಲದ ಎಲೆ ಅರೆದು ಹಚ್ಚಬಹುದೆ ಎಂದು ಬಹಳ ಮಂದಿ ಕೇಳುತ್ತಾರೆ. ದನದ ಗಾಯಕ್ಕೆ ಹಳ್ಳಿಗಳಲ್ಲಿ ಅದನ್ನು ಹಾಕುವ ರೂಢಿ ಇದೆ. ಆದರೆ ಬಾತಿನ ಸಣ್ಣ ಗಾಯದಲ್ಲಿ ಅರೆದ ಸೊಪ್ಪು ತುಂಬಿದರೆ ಒಳಗೆ ಹುಳು ಉಳಿದಿದೆಯೆ ಇಲ್ಲವೆ ಎಂದು ಕಾಣುವುದೇ ಇಲ್ಲ. ಕಾಣದೆ ಹೋಗುವುದೇ ಅಲ್ಲವೆ ಇಲ್ಲಿ ಎಲ್ಲ ಕಷ್ಟಕ್ಕೂ ಮೂಲ? ಆದ್ದರಿಂದ ಬೇಡ.

ತೆಗೆದ ಹುಳುವನ್ನು ಅಂಗಳಕ್ಕೆ ಎಸೆಯಬೇಡಿ, ಮಣ್ಣಿನಲ್ಲಿ ಹುಗಿಯಲೂ ಬೇಡಿ. ಬೆಳೆದ ಹುಳುವಿಗೆ ಮಣ್ಣೇ ಬೇಕಾದದ್ದು! ಹುಗಿದರೆ ಅದರ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಕುದಿಯುವ ನೀರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಅದಕ್ಕೆ ಹಾಕಿ.

ಎಲ್ಲ ತೆಗೆದಾಯಿತು ಎಂದು ಅನ್ನಿಸಿದ ಮೇಲೆ ಗಾಯವನ್ನು ಇನ್ನೊಮ್ಮೆ ತೊಳೆದು, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರಸಿ ಹಾಯಿಸಿ. ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಗಾಯದ ಒಳಗೆ ಹಾಕದೆ, ಸುತ್ತಲಿನ ಗರಿಯ ಅಂಚಿಗೆ ಮಾತ್ರ ಬೇವಿನ ಎಣ್ಣೆಯನ್ನು ತೆಳ್ಳಗೆ ಸವರಿದರೆ ನೊಣ ದೂರವಿರುತ್ತದೆ. ಮೈ ಒದ್ದೆಯಾದ ಬಾತಿಗೆ ಚಳಿ ಹಿಡಿಯುತ್ತದೆ. ಅದರ ಮೈಯ ಸಹಜ ಕಾವು ನಮಗಿಂತ ಹೆಚ್ಚು, ನಲವತ್ತೊಂದು ಡಿಗ್ರಿಯ ಮೇಲೆ. ಅದು ಇಳಿದರೆ ಗಾಯಕ್ಕಿಂತ ಚಳಿಯಿಂದಲೇ ಸತ್ತೀತು. ಬೈಹುಲ್ಲು ಹಾಸಿ, ಬಚ್ಚಲ ಒಲೆಯ ಕಾವು ಸ್ವಲ್ಪ ತಾಗುವ ಕಡೆ ಇಡಿ.

ಇಲ್ಲಿಗೆ ಮುಗಿಯಿತು ಎಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು. ಮೊದಲ ದಿನ ಎಷ್ಟು ಚೆನ್ನಾಗಿ ತೆಗೆದರೂ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕೆಲವು ಒಳಗಿರುತ್ತವೆ, ಗರಿಯ ಬುಡದಲ್ಲಿ ಒಡೆಯದ ಮೊಟ್ಟೆಗಳಿರುತ್ತವೆ. ಬೆಳಿಗ್ಗೆ ತೆಗೆದರೆ ಸಾಯಂಕಾಲ ನೋಡಲೇಬೇಕು. ಮರುದಿನ ಎರಡು ಹೊತ್ತು, ಆಮೇಲೆ ಹುಳು ಕಾಣದೆ ಮೂರು ದಿನ ಕಳೆಯುವವರೆಗೆ ದಿನಕ್ಕೊಮ್ಮೆ. ಅದೇ ಉಪ್ಪುನೀರು, ಅದೇ ಚಹಾಬಣ್ಣದ ನೀರು. ಗಾಯ ತುಂಬಿ ಬರುವವರೆಗೆ ಕೆರೆಗೂ ಗದ್ದೆಗೂ ಬಿಡಬಾರದು. ಕುಡಿಯಲು ಮಾತ್ರ ಕೊಕ್ಕೂ ಮೂಗಿನ ತೂತೂ ಮುಳುಗುವಷ್ಟು ಆಳದ ಪಾತ್ರೆಯಲ್ಲಿ ನೀರಿಡಬೇಕು. ತವಡನ್ನು ನೀರಿನಲ್ಲಿ ಕಲಸಿ, ಬೇಯಿಸಿದ ಅಕ್ಕಿ, ಸೊಪ್ಪು ಸ್ವಲ್ಪ ಸ್ವಲ್ಪವಾಗಿ ಕೊಡಿ. ಒಂಟಿಯಾಗಿ ಇಟ್ಟರೆ ಬಾತು ಕೊರಗುತ್ತದೆ. ಜೊತೆಯ ಬಾತುಗಳ ಕೂಗು ಕೇಳುವಂತಿದ್ದರೆ ಮೇವು ಮುಟ್ಟುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ಹಾಕಬಾರದ ವಸ್ತುಗಳ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹುಳು ಕಂಡೊಡನೆ ನಮ್ಮ ಕೈ ಹೋಗುವುದು ಫಿನಾಯಿಲ್ ಸೀಸೆಯ ಕಡೆಗೆ. ಇಲ್ಲವೆ ಸೀಮೆಎಣ್ಣೆ, ಇಲ್ಲವೆ ಸುಣ್ಣ ಹೊಗೆಸೊಪ್ಪು. ಹುಳು ಸಾಯುವುದೇನೋ ನಿಜ. ಆದರೆ ಬಾತಿನ ಚರ್ಮ ತೆಳ್ಳಗಿನ ಕಾಗದದಂತೆ. ಫಿನಾಯಿಲ್ ಅದನ್ನು ಸುಡುತ್ತದೆ, ಗಾಯದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಬಾತು ದಿನವಿಡೀ ಗರಿಯನ್ನು ಕೊಕ್ಕಿನಿಂದ ತಿದ್ದುವ ಹಕ್ಕಿ. ನೀವು ಅದರ ಮೈಗೆ ಏನು ಹಚ್ಚಿದರೂ ಅರ್ಧ ಗಂಟೆಯಲ್ಲಿ ಅದು ಹೊಟ್ಟೆಗೆ ಹೋಗಿರುತ್ತದೆ. ಹಚ್ಚುವುದೂ ಒಂದೇ, ಕುಡಿಸುವುದೂ ಒಂದೇ. ದನಕ್ಕೆ ಹಚ್ಚಲೆಂದು ಕೊಟ್ಟ ಟರ್ಪೆಂಟೈನ್ ಎಣ್ಣೆಯನ್ನೂ ಇದೇ ಕಾರಣದಿಂದ ಬಾತಿಗೆ ಹಾಕಕೂಡದು. ಗದ್ದೆಗೆ ತಂದ ಕೀಟನಾಶಕವಂತೂ ಬೇಡವೇ ಬೇಡ. ಒಂದು ಕಾಲದಲ್ಲಿ ಬಿ.ಎಚ್.ಸಿ. ಪುಡಿಯನ್ನು ಕೋಳಿಗೂಡಿಗೆಲ್ಲ ಎರಚುತ್ತಿದ್ದರು. ಅದನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾಗಿದೆ. ಅಟ್ಟದ ಮೇಲೆ ಅಜ್ಜನ ಕಾಲದ ಡಬ್ಬಿ ಯಾವುದಾದರೂ ಉಳಿದಿದ್ದರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ? ಗಾಯ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿದ್ದರೆ, ಹುಳು ಮಲದ್ವಾರದ ಒಳಗೆ ಹೋಗಿದ್ದರೆ, ಕಣ್ಣಿನ ಹತ್ತಿರ ಇದ್ದರೆ, ಬಾತು ನಿಲ್ಲಲಾರದೆ ಕತ್ತು ಇಳಿಬಿಟ್ಟಿದ್ದರೆ, ಎರಡನೆಯ ದಿನವೂ ಮೊದಲಿನಷ್ಟೇ ಹುಳು ಬರುತ್ತಿದ್ದರೆ, ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯಲಾಗದಿದ್ದರೆ 1962 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಬಹುದು. ಒಳಗಿನ ಹುಳು ಸಾಯುವುದಕ್ಕೆ ಐವರ್‌ಮೆಕ್ಟಿನ್ ಎಂಬ ಔಷಧವಿದೆ, ಕೀವಿಗೆ ಬೇರೆ ಔಷಧವಿದೆ. ಅದನ್ನು ಬಾತಿನ ತೂಕ ನೋಡಿ ಹನಿ ಲೆಕ್ಕದಲ್ಲಿ ಕೊಡಬೇಕು. ದನಕ್ಕೆ ತಂದದ್ದು ಮಿಕ್ಕಿದೆ ಎಂದು ಅಂದಾಜಿನಿಂದ ಚುಚ್ಚಿದರೆ ಹುಳುವಿನ ಸಂಗಡ ಬಾತೂ ಹೋದೀತು. ಔಷಧ ಕೊಟ್ಟ ಬಾತಿನ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು, ಮಾರಬಾರದು ಎಂಬುದನ್ನು ಅವರಿಂದಲೇ ಕೇಳಿಕೊಂಡು ಬನ್ನಿ. ಮೊಟ್ಟೆ ಒಳ್ಳೆಯದಾಗಿಯೇ ಕಾಣುತ್ತದೆ, ಔಷಧದ ಅಂಶ ಕಾಣುವುದಿಲ್ಲ. ಹೊಟ್ಟೆ ತೂತಾಗಿ ಕರುಳು ಕಾಣುತ್ತಿರುವ ಬಾತನ್ನು ನರಳಲು ಬಿಡದೆ ಏನು ಮಾಡಬೇಕೆಂದು ಡಾಕ್ಟರೇ ಹೇಳುತ್ತಾರೆ. ಮಕ್ಕಳಿರುವ ಮನೆಯಲ್ಲಿ ಅದು ಕಷ್ಟದ ಮಾತು. ಹಾಗಂತ ಮುಚ್ಚಿಡುವುದರಿಂದ ಬಾತಿನ ನೋವು ಕಡಮೆಯಾಗುವುದಿಲ್ಲ.

ತೋಡಿನ ಪಕ್ಕದ ಮನೆಯ ಆ ಬಾತು ಏನಾಯಿತು ಎಂದು ಕೇಳುವಿರಲ್ಲವೆ? ಹುಳು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಮುಖ ತಿರುಗಿಸಿದ ಅಜ್ಜಿಯೇ ಕೊನೆಗೆ ಚಿಮುಟ ಹಿಡಿದರು. ನನಗಿಂತ ಅವರ ಕೈ ನಯ. ಹೊಟ್ಟೆಯ ಪದರ ತೂತಾಗಿರಲಿಲ್ಲ, ಅದು ಪುಣ್ಯ. ಚುಚ್ಚುಮದ್ದು ಕೊಟ್ಟು ಬಂದೆ. ನಾಲ್ಕನೆಯ ದಿನ ಹೋಗಿ ನೋಡಿದರೆ ಗಾಯದ ತಳ ಹಸನಾಗಿ ಕೆಂಪು ಮಾಂಸ ಕಟ್ಟುತ್ತಿತ್ತು. ಮೂರು ವಾರಕ್ಕೆ ಗರಿಯ ಮೊಳಕೆ ಬಂತು. ಆದರೆ ಅದೇ ಮನೆಯಲ್ಲಿ ಹಿಂದಿನ ವರ್ಷ ಎರಡು ಬಾತು ಹೀಗೆಯೇ ‘ಕಣ್ಣುಬಿದ್ದು’ ಸತ್ತಿದ್ದವೆಂದು ಆಮೇಲೆ ತಿಳಿಯಿತು. ಅವುಗಳ ಬಾಲ ಎತ್ತಿ ಯಾರೂ ನೋಡಿರಲಿಲ್ಲ.

ಹುಳು ಬೀಳದಂತೆ ಮಾಡುವುದು ತೆಗೆಯುವುದಕ್ಕಿಂತ ಸುಲಭ. ಮಳೆಗಾಲದಲ್ಲಿ ಸಂಜೆ ಬಾತುಗಳನ್ನು ಗೂಡಿಗೆ ಕೂಡುವಾಗ ಒಂದೊಂದನ್ನೂ ಎತ್ತಿ, ಬಾಲದ ಬುಡ, ಮಲದ್ವಾರದ ಸುತ್ತ, ಕುತ್ತಿಗೆಯ ಹಿಂದೆ, ರೆಕ್ಕೆಯ ಕೆಳಗೆ ನಾಲ್ಕೇ ಕಡೆ ಬೆರಳಾಡಿಸಿ ನೋಡಿ. ಹತ್ತು ಬಾತಿಗೆ ಹತ್ತು ನಿಮಿಷ ಸಾಕು. ಈ ಕೆಲಸ ಮಕ್ಕಳಿಗೆ ಒಪ್ಪಿಸಿದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಕೈ ತೊಳೆಯುವುದನ್ನು ಮಾತ್ರ ನೋಡಿಕೊಳ್ಳಬೇಕು. ಹಿಕ್ಕೆ ಮೆತ್ತಿದ ಗರಿಯನ್ನು ಆಗಲೇ ತೊಳೆದು ಒಣಗಿಸಿಬಿಡಿ. ಗೂಡಿನ ನೆಲ ಸುತ್ತಲಿನ ನೆಲಕ್ಕಿಂತ ಒಂದು ಮೊಳ ಎತ್ತರ ಇರಲಿ. ಬೈಹುಲ್ಲನ್ನೋ ಬತ್ತದ ಹೊಟ್ಟನ್ನೋ ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ದಿನಾ ತೆಗೆಯಬೇಕು. ಕುಡಿಯುವ ನೀರನ್ನು ಗೂಡಿನೊಳಗೆ ಇಡುವುದರಿಂದಲೇ ಅರ್ಧ ಒದ್ದೆ. ಅದನ್ನು ಬಾಗಿಲ ಹೊರಗೆ, ಕಲ್ಲು ಹಾಸಿದ ಕಡೆ ಇಟ್ಟರೆ ಬಾತು ಚೆಲ್ಲಾಡಿದ್ದು ಹರಿದುಹೋಗುತ್ತದೆ. ತೆಗೆದ ಹಾಸನ್ನು ಗೊಬ್ಬರಗುಂಡಿಗೆ ಹಾಕಿ ಮೇಲೆ ಒಣ ಮಣ್ಣನ್ನೋ ತರಗೆಲೆಯನ್ನೋ ಮುಚ್ಚಿದರೆ ನೊಣಕ್ಕೆ ಮೊಟ್ಟೆಯಿಡಲು ಜಾಗವಿರುವುದಿಲ್ಲ.

ಕೊನೆಗೆ ಇನ್ನೊಂದು ವಿಚಾರ. ಇದು ಹುಳು ಬಾತನ್ನು ತಿನ್ನುವುದಲ್ಲ, ಬಾತು ಹುಳುವನ್ನು ತಿನ್ನುವುದು. ಗೊಬ್ಬರದ ಹುಳುವನ್ನು ಬಾತು ಆರಿಸಿ ತಿಂದರೆ ಕೇಡಿಲ್ಲ, ನೊಣವೂ ಕಡಮೆಯಾಗುತ್ತದೆ. ಆದರೆ ಸತ್ತ ಪ್ರಾಣಿಯ ಹೆಣದಲ್ಲಿ ಬಿದ್ದ ಹುಳುವಿನ ಮಾತು ಬೇರೆ. ಗಾಳಿಯಾಡದೆ ಕೊಳೆಯುವ ಮಾಂಸದಲ್ಲಿ ಬೊಟುಲಿಸಂ ಎಂಬ ರೋಗದ ವಿಷ ಹುಟ್ಟುತ್ತದೆ. ಹುಳುವಿಗೆ ಆ ವಿಷದಿಂದ ಏನೂ ಆಗುವುದಿಲ್ಲ, ಅದರ ಮೈಯಲ್ಲಿ ಸುಮ್ಮನೆ ತುಂಬಿಕೊಂಡಿರುತ್ತದೆ. ಅಂಥ ನಾಲ್ಕಾರು ಹುಳುವನ್ನು ಬಾತು ನುಂಗಿದರೆ ಸಾಕು, ಮೊದಲು ಕಾಲು ಸೋಲುತ್ತದೆ, ರೆಕ್ಕೆ ಜೋಲುತ್ತದೆ, ಆಮೇಲೆ ಕತ್ತು ಹಗ್ಗದಂತೆ ನೆಲಕ್ಕೆ ಬೀಳುತ್ತದೆ. ನೀರಿನಲ್ಲಿದ್ದರೆ ತಲೆಯೆತ್ತಲಾರದೆ ಮುಳುಗಿಯೇ ಸಾಯುತ್ತದೆ. ಆ ಬಾತಿನ ಹೆಣದಲ್ಲಿ ಮತ್ತೆ ಹುಳು, ಅದನ್ನು ತಿಂದ ಬಾತು ಮತ್ತೆ ಹೆಣ. ಹೀಗೆ ಒಂದು ಸತ್ತ ಹೆಗ್ಗಣದಿಂದ ಹಿಂಡೇ ಹೋಗುವುದುಂಟು. ಕತ್ತು ಜೋತ ಬಾತು ಕಂಡರೆ ಅದನ್ನು ನೀರಿನಿಂದ ತೆಗೆದು ನೆರಳಿನಲ್ಲಿಡಿ, ತಲೆಗೆ ಆಸರೆ ಕೊಟ್ಟು ಡಾಕ್ಟರಿಗೆ ಸುದ್ದಿ ಮುಟ್ಟಿಸಿ. ವಿಷ ಸ್ವಲ್ಪವೇ ಹೋಗಿದ್ದರೆ ಚೇತರಿಸಿಕೊಳ್ಳುವುದುಂಟು. ಅದನ್ನು ಕೊಯ್ದು ಅಡಿಗೆ ಮಾಡುವ ಯೋಚನೆ ಬೇಡ. ಮಿಕ್ಕ ಬಾತುಗಳನ್ನು ಆ ಗದ್ದೆಯಿಂದ, ಆ ಹೊಂಡದಿಂದ ಕೂಡಲೆ ಆಚೆ ಹೊಡೆದು, ಹೆಣ ಎಲ್ಲಿದೆಯೆಂದು ಹುಡುಕಬೇಕು. ಬದುವಿನ ಬಿಲ, ತೋಡಿನ ಸಂದು, ಹಟ್ಟಿಯ ಹಿಂಭಾಗ ಇವನ್ನು ಬಿಡದೆ ನೋಡಿ. ಸಿಕ್ಕಿದ್ದನ್ನು ಸುಟ್ಟರೆ ಒಳ್ಳೆಯದು. ಹುಗಿಯುವುದಾದರೆ ಒಂದಾಳು ಸೊಂಟದಷ್ಟು ಆಳ ತೋಡಿ, ಸುಣ್ಣ ಹಾಕಿ, ಮೇಲೆ ಕಲ್ಲು ಹೇರಿರಿ, ನಾಯಿ ಕೆದಕದಂತೆ.

ಈ ವಾರವೇ ಒಂದು ಡಬ್ಬಿ ಹುಡುಕಿಟ್ಟುಕೊಳ್ಳಿ. ಮೊಂಡುಮೂತಿಯ ಕತ್ತರಿ, ಚಿಮುಟ, ದೊಡ್ಡ ಸಿರಿಂಜು, ಪೊವಿಡೋನ್ ಅಯೋಡಿನ್ ಸೀಸೆ, ಬೇವಿನ ಎಣ್ಣೆ, ಹಳೆಯ ಹತ್ತಿಬಟ್ಟೆ, ಒಂದು ತುಂಡು ಸೊಳ್ಳೆಪರದೆ ಅದರಲ್ಲಿರಲಿ. ಡಬ್ಬಿಯನ್ನು ಅಟ್ಟಕ್ಕೆ ಹಾಕದೆ ಗೂಡಿನ ಹತ್ತಿರದ ಮಾಡಿನಲ್ಲಿಡಿ. ಸಂಜೆ ಬಾತು ಕೂಡುವ ಹೊತ್ತಿಗೆ ಟಾರ್ಚು ಕೈಯಲ್ಲಿರಲಿ, ಗರಿಯ ಬುಡ ಬೆಳಕಿಲ್ಲದೆ ಕಾಣುವುದಿಲ್ಲ.